ಇಪ್ಪತ್ತು ಪಟ್ಟು ನನಗೆ ಬೇಕಿರಲಿಲ್ಲ

ಮೊದಲ ಬೈನಾಕ್ಯುಲರ್ ಕೊಂಡಾಗ ನಾನು ನೋಡಿದ್ದು ಒಂದೇ ಅಂಕಿ. 20×50 ಅಂತ ಬರೆದಿತ್ತು. ಇಪ್ಪತ್ತು ಪಟ್ಟು ಹತ್ತಿರ ಕಂಡರೆ ಇನ್ನೇನು ಬೇಕು! ಮಾರನೇ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು ಹೆಜ್ಜಾರ್ಲೆ (ಪೆಲಿಕನ್) ಹುಡುಕಿದೆ. ಸಿಕ್ಕಿತು, ಆದರೆ ನಿಲ್ಲಲೊಲ್ಲದು. ಹಕ್ಕಿ ತನ್ನ ಪಾಡಿಗೆ ಕೂತಿತ್ತು, ನಡುಗುತ್ತಿದ್ದದ್ದು ನನ್ನ ಕೈ. ಹಕ್ಕಿಯ ಜೊತೆಗೆ ಆ ನಡುಕವೂ ಇಪ್ಪತ್ತು ಪಟ್ಟಾಗಿತ್ತು.

ನನ್ನ ಪಾಡು ನೋಡಿ ಹಿರಿಯರೊಬ್ಬರು, "ಇದನ್ನೊಂದ್ಸಲ ಹಿಡೀರಿ" ಅಂತ ತಮ್ಮ 8×42 ಕೊಟ್ಟರು. ಹಕ್ಕಿ ಚಿಕ್ಕದಾಗಿ ಕಂಡಿತು, ನಿಜ. ಆದರೆ ಮೇಲ್ಗೊಕ್ಕಿನ ಅಂಚಿನ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಬೆಳಕಿನ ಲೆಕ್ಕ ಹೇಳಿಕೊಟ್ಟವರೂ ಅವರೇ. ಎರಡನೇ ಅಂಕಿ ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಅದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಳತೆ. ನನ್ನದರಲ್ಲಿ 2.5, ಅವರದರಲ್ಲಿ 5.25. ನಡುಮಧ್ಯಾಹ್ನ ಇದರ ವ್ಯತ್ಯಾಸ ತಿಳಿಯುವುದಿಲ್ಲ. ಹಕ್ಕಿ ನೋಡುವವರು ಹೋಗುವುದೇ ಮಬ್ಬುಗತ್ತಲಲ್ಲಿ, ಆಗ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ, ನನ್ನ ದುರ್ಬೀನು ಮಾತ್ರ ಜಿಪುಣ.

ಎರಡನೇ ಸಲ ಅಂಗಡಿಗೆ ಹೋದಾಗ ಗಾಜಿನ ಪೆಟ್ಟಿಗೆ ಮುಂದೆ ನಿಲ್ಲಲಿಲ್ಲ. ಒಂದೊಂದನ್ನೂ ಬಾಗಿಲ ಹೊರಗೆ ತಂದು, ಎದುರು ರಸ್ತೆಯ ಬೋರ್ಡಿನ ಸಣ್ಣ ಅಕ್ಷರ ಓದಿದೆ. ಅಂಗಡಿಯವನಿಗೆ ಬೇಜಾರಾಗಿರಬೇಕು, ಆಗಲಿ. ಕನ್ನಡಕದ ಸಮಸ್ಯೆ ಗೊತ್ತಾದದ್ದು ಅಲ್ಲೇ. ನಾನು ಕನ್ನಡಕ ತೆಗೆಯುವವನಲ್ಲ. ಕೆಲವದರಲ್ಲಿ ಸುತ್ತ ಕಪ್ಪು ಉಂಗುರ ಬಂದು, ನಡುವೆ ಕಿಂಡಿಯಷ್ಟೇ ಕಾಣುತ್ತಿತ್ತು. ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿದ ಮೇಲೂ ಹಾಗೇ ಇದ್ದರೆ ಅದನ್ನು ಕೆಳಗಿಡುವುದೇ. ಐ ರಿಲೀಫ್, ಅಂದರೆ ಪೂರ್ತಿ ನೋಟ ಕಾಣುವಂತೆ ಕಣ್ಣು ಮಸೂರದಿಂದ ಇರಬಹುದಾದ ದೂರ, 15 ಮಿಲಿಮೀಟರಿಗಿಂತ ಹೆಚ್ಚಿರುವುದನ್ನಷ್ಟೇ ಉಳಿಸಿಕೊಂಡೆ.

10×42 ಬಹಳ ಹೊತ್ತು ಕಾಡಿತು. ಬಯಲು ಕೆರೆಗಳನ್ನೇ ಸುತ್ತುವವರಿಗೆ, ಕೈ ಗಟ್ಟಿ ಇದ್ದವರಿಗೆ ಅದೇ ಸರಿ ಇರಬಹುದು. ನಾನು ಆಗಾಗ ದಾಂಡೇಲಿ ಕಡೆಗೂ ಹೋಗುವವನು. ಎಲೆಗಳ ನಡುವೆ ಪುಟಪುಟ ಜಿಗಿಯುವ ಹಕ್ಕಿಯನ್ನು ಹಿಡಿಯಲು ನೋಟದ ಅಗಲವೇ ಮುಖ್ಯ, ಪಟ್ಟು ಕಡಿಮೆಯಾದಷ್ಟೂ ಸಾಮಾನ್ಯವಾಗಿ ಅದು ಹೆಚ್ಚು. 8×42 ತಂದೆ.

ತಂದ ದಿನವೇ ಎಡಗಣ್ಣಿಗೆ ನಡುವಿನ ಚಕ್ರದಿಂದ, ಬಲಗಣ್ಣಿಗೆ ಪಕ್ಕದ ಉಂಗುರದಿಂದ ಹೊಂದಿಸಿ, ಉಂಗುರದ ಮೇಲೆ ಬಿಳಿ ನೇಲ್ ಪಾಲಿಶ್‌ನಿಂದ ಗುರುತು ಹಾಕಿದೆ. ಮನೆಯಲ್ಲಿ ಯಾರಾದರೂ ತಿರುಗಿಸಿಯೇ ತಿರುಗಿಸುತ್ತಾರೆ.

ಹಳೆಯ 20×50 ಮಾರಿಲ್ಲ. ತಾರಸಿಯ ಗೋಡೆಗೆ ಒರಗಿಸಿ, ಕೆಳಗೊಂದು ದಿಂಬಿಟ್ಟರೆ ಚಂದ್ರನ ಕುಳಿಗಳು ಚೆನ್ನಾಗಿ ಕಾಣುತ್ತವೆ.