ಸೆಲ್ಫೂ ಹೋಗಿರಲಿಲ್ಲ, ಕಾಯಿಲೂ ಹೋಗಿರಲಿಲ್ಲ

ನಮ್ಮದು 2006ರ ಕಾರು. 1.1 ಲೀಟರ್, ನಾಲ್ಕು ಸಿಲಿಂಡರ್, ಕಿಡಿಗೆ ಹೈವೋಲ್ಟೇಜ್ ಹುಟ್ಟಿಸುವ ಎರಡು ಕಾಯಿಲ್, ಅದನ್ನು ಸ್ಪಾರ್ಕ್ ಪ್ಲಗ್‌ಗೆ ಒಯ್ಯುವ ವೈರು, ಅಂದರೆ ಹೆಚ್‌ಟಿ ಲೀಡ್‌ನದ್ದು, ಮೇಲೆ ಸಿಎನ್‌ಜಿ ಕಿಟ್. ದೋಷ ಓದುವ ಬ್ಲೂಟೂತ್ ಸ್ಕ್ಯಾನರ್ ಇದರ ಜೊತೆ ಮಾತೇ ಆಡುವುದಿಲ್ಲ. ಬಿಸಿ ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಬರೀ ‘ಟಕ್’. ಮಳೆ ಬಂತೆಂದರೆ ಮಿಸ್ಸಿಂಗ್, ಯಾವುದೋ ಸಿಲಿಂಡರ್ ಆಗಾಗ ಹೊತ್ತದೆ ಎಂಜಿನ್ ತಡವರಿಸುತ್ತಿತ್ತು. ಗ್ಯಾಸ್‌ನಲ್ಲಂತೂ ಮುಂಬೈ ಪಕ್ಕದ ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಏರಿನಲ್ಲಿ, ಮೂರನೇ ಗೇರ್‌ನಲ್ಲಿ ಕುಪ್ಪಳಿಸುತ್ತಿತ್ತು.

ಗ್ಯಾರೇಜಿನವನು ಒಮ್ಮೆ ಕೇಳಿಸಿಕೊಂಡು ‘ಸೆಲ್ಫ್ ಗಯಾ ಸಾಬ್’ ಅಂದ, ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರೇ ಹೋಯಿತಂತೆ, ನಾಲ್ಕೂವರೆ ಸಾವಿರ. ಬ್ಯಾಟರಿ ಅಂಗಡಿಯವನ ಲೆಕ್ಕದಲ್ಲಿ ಬ್ಯಾಟರಿ ಹೋಗಿತ್ತು, ಅದು ನಾಲ್ಕು. ಮಿಸ್ಸಿಂಗ್‌ಗೆ ಕಾಯಿಲ್ ಪ್ಯಾಕ್, ಮೂರು ಚಿಲ್ಲರೆ. ಪ್ಲಗ್ ಹಾಕಿಸಿ ಥ್ರಾಟಲ್ ಬಾಡಿ ತೊಳೆಸಿ ಆಗಲೇ ಎರಡು ಸಾವಿರ ಹೋಗಿತ್ತು, ಮಿಸ್ಸಿಂಗ್ ಇದ್ದ ಹಾಗೇ ಇತ್ತು. ಇನ್ನು ಮನೆಯಲ್ಲೇ ನೋಡುತ್ತೇನೆ ಎಂದಾಗ ಭಾವ ನಕ್ಕರು: ‘ಬ್ಯಾಂಕಿನವನಿಗೆ ಬಾನೆಟ್ ಯಾಕೆ ಮಾರಾಯಾ?’

ಲ್ಯಾಮಿಂಗ್ಟನ್ ರೋಡಿನಿಂದ ತಂದ ಆರುನೂರರ ಮಲ್ಟಿಮೀಟರ್ ಇತ್ತು. ಮೊದಲು ಸೆಲ್ಫ್. ಬ್ಯಾಟರಿ ನಿಂತಲ್ಲಿ 12.5 ವೋಲ್ಟ್, ಕ್ರ್ಯಾಂಕ್ ಮಾಡುವಾಗ, ಅಂದರೆ ಸೆಲ್ಫ್ ಎಂಜಿನ್ ತಿರುಗಿಸುವಾಗ, 10.5ರ ಆಸುಪಾಸು. ಅಂದರೆ ಬ್ಯಾಟರಿಯದು ತಪ್ಪಿಲ್ಲ. ಇನ್ನು ಅರ್ತಿಂಗ್, ಅಂದರೆ ಎಂಜಿನ್ನಿಂದ ಬ್ಯಾಟರಿ ಮೈನಸ್‌ಗೆ ಕರೆಂಟು ಮರಳುವ ದಾರಿ. ಎಲ್ಲರೂ ಅದನ್ನು ಮೀಟರಿನ ಕಂಟಿನ್ಯೂಟಿ ಬೀಪ್ ಇಟ್ಟು ನೋಡುತ್ತಾರೆ. ಕೇಬಲಿನಲ್ಲಿ ನಾಲ್ಕು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಆದರೆ ಸೆಲ್ಫ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಆ ನಾಲ್ಕು ಎಳೆಯಲ್ಲಿ ಎಲ್ಲಿ ಹರಿದೀತು? ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಲಿ ಎಂದು ಗಾಡಿಯನ್ನು ಪೆಟ್ರೋಲ್‌ಗೆ ತಿರುಗಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತೆ. ಮೀಟರಿನ ಕಪ್ಪು ವೈರ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಎಂಜಿನ್ ಬ್ಲಾಕಿಗೆ ಇಟ್ಟು ಮಗನಿಗೆ ಕೀ ತಿರುಗಿಸಲು ಹೇಳಿದೆ. 0.2 ವೋಲ್ಟ್ ದಾಟಬಾರದು, ಬಂದದ್ದು 0.9! ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಅರ್ತ್ ದಾರಿ ಸಿಗದ ಕರೆಂಟು ಅದರ ಮೂಲಕ ಬಾಡಿಗೆ ಹೋಗುತ್ತಿತ್ತು. ಗೇರ್‌ಬಾಕ್ಸ್ ಕಡೆಯ ಅರ್ತ್ ಪಟ್ಟಿ ಬಿಚ್ಚಿದೆ. ಅದರ ತುದಿಯ ಲಗ್ಗಿನೊಳಗೆ ಹಸಿರು ಪುಡಿ, ಬೆರಳಿಗೆ ತಾಗುತ್ತಲೇ ಉದುರಿತು. ನಾವಿರುವುದು ಭಾಯಂದರ್‌ನಲ್ಲಿ, ಉಪ್ಪಿನ ಆಗರಗಳ ಗಾಳಿ ತಾಮ್ರವನ್ನು ಸುಮ್ಮನೆ ಬಿಡುತ್ತದೆಯೇ? ಮುನ್ನೂರು ರೂಪಾಯಿಗೆ ದಪ್ಪ ಕೇಬಲ್ ಕ್ರಿಂಪ್ ಮಾಡಿಸಿ ಹಾಕಿದೆ. ರೀಡಿಂಗ್ 0.15ಕ್ಕೆ ಇಳಿಯಿತು, ‘ಟಕ್’ ಹೋಯಿತು.

ಮಿಸ್ಸಿಂಗ್ ಸತಾಯಿಸಿತು. ಹೆಚ್‌ಟಿ ಲೀಡ್ ಕಿತ್ತು ನೋಡುವ ಚಟ ಬಿಡಿ, ಕೈಗೂ ಹೊಡೆತ, ಕಾಯಿಲ್‌ಗೂ ಹೊಡೆತ. ಪೆಟ್ರೋಲ್‌ನಲ್ಲಿ ಓಡಿಸಿ ಒಂದೊಂದೇ ಇಂಜೆಕ್ಟರ್ ಸಾಕೆಟ್ ತೆಗೆದೆ. ಆ ಸಿಲಿಂಡರ್ ಕೆಲಸ ಮಾಡುತ್ತಿದ್ದರೆ ಐಡ್ಲಿಂಗ್, ಅಂದರೆ ನಿಂತಲ್ಲಿ ಓಡುವ ವೇಗ, ಇಳಿಯಬೇಕು. ಮೂರನೆಯದನ್ನು ತೆಗೆದರೆ ಕೆಲವೊಮ್ಮೆ ಐಡ್ಲಿಂಗ್ ಇಳಿಯುತ್ತದೆ, ಕೆಲವೊಮ್ಮೆ ಇಲ್ಲ. ಎರಡು-ಮೂರು ಒಂದೇ ಕಾಯಿಲ್‌ನ ಜೋಡಿ, ಎರಡನೆಯದು ಗಟ್ಟಿ ಇದೆ, ಹಾಗಾದರೆ ಕಾಯಿಲ್ ಮೇಲೆ ಅನುಮಾನ ಕಡಿಮೆ. ಲೀಡ್ ಅಳೆದರೆ ಎಲ್ಲವೂ ಐದರಿಂದ ಎಂಟು ಕಿಲೋ ಓಮ್, ಮೂರನೆಯದೂ ಸರಿ. ಇಲ್ಲೂ ಮೀಟರ್ ದಾರಿ ತಪ್ಪಿಸುತ್ತದೆ: ಒಳಗಿನ ದಾರ ಚೆನ್ನಾಗಿದ್ದು ಮೇಲಿನ ರಬ್ಬರ್ ಸೀಳಿದ್ದರೆ ಓಮ್‌ನಲ್ಲಿ ಏನೂ ಕಾಣುವುದಿಲ್ಲ.

ರಾತ್ರಿ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗಲೇ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಲೀಡ್‌ಗಳ ಮೇಲೆ ತೆಳ್ಳಗೆ ಹೊಡೆದೆ. ನೀರಿಗೆ ಏನು ಬೆರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೂರನೇ ಲೀಡಿನ ಬೂಟಿನ (ಪ್ಲಗ್ ಮುಚ್ಚುವ ರಬ್ಬರ್ ಟೊಪ್ಪಿಗೆಯ) ಕುತ್ತಿಗೆಯಿಂದ ವಾಲ್ವ್ ಕವರಿನ ಬೋಲ್ಟಿಗೆ ನೀಲಿ ಕಿಡಿಯ ಎಳೆ ಚಟಚಟ ಹಾರಿತು. ವಾಚ್‌ಮನ್ ‘ಆಗ್ ಲಗೇಗೀ’ ಎಂದು ಓಡಿಬಂದ.

ಖಾತ್ರಿಗೆ ಇನ್ನೊಂದು ಆಟ ಆಡಿದೆ. ಮರುದಿನ ಬೆಳಿಗ್ಗೆ ಆ ಬೂಟನ್ನು ಒದ್ದೆ ಮಾಡಿ, ತಣ್ಣಗಿನ ಎಂಜಿನನ್ನು ಅರ್ಧ ನಿಮಿಷ ಓಡಿಸಿ, ಎಕ್ಸಾಸ್ಟ್‌ನ ನಾಲ್ಕೂ ಕೊಳವೆಗೆ ನೀರು ಚಿಮುಕಿಸಿದೆ. ಮೂರು ಕಡೆ ಕಾದ ದೋಸೆ ಕಾವಲಿಯಂತೆ ಚುಂಯ್ ಅಂದಿತು, ಮೂರನೆಯದರ ಮೇಲೆ ಹನಿ ಸುಮ್ಮನೆ ಜಾರಿತು. ಸೈಲೆನ್ಸರ್‌ಗೆ ಕಾಗದ ಹಿಡಿಯುವ ಹಳೇ ವಿದ್ಯೆಯನ್ನೂ ನೋಡಿದೆ. ಕಾಗದ ಪಟಪಟ ಅಂದಿತೇ ಹೊರತು ಯಾವ ಸಿಲಿಂಡರ್ ಅಂತ ಹೇಳಲಿಲ್ಲ.

ಕುರ್ಲಾದಲ್ಲಿ ಲೀಡ್ ಸೆಟ್ ಸಾವಿರದ ನೂರಕ್ಕೋ ಏನೋ ಸಿಕ್ಕಿತು, ಅಂಗಡಿ ಹೇಳುವುದಿಲ್ಲ. ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು, ಆದ್ದರಿಂದ ಪ್ಲಗ್ ಗ್ಯಾಪನ್ನೂ, ಅಂದರೆ ಕಿಡಿ ಹಾರುವ ಸಂದನ್ನೂ, 1.1ರಿಂದ 0.8 ಮಿಲಿಮೀಟರ್ ಸುತ್ತ ಇಳಿಸಿದೆ. 0.6ಕ್ಕೂ ಇಳಿಸಿ ನೋಡಿದ್ದುಂಟು, ಪೆಟ್ರೋಲ್‌ನಲ್ಲಿ ಐಡ್ಲಿಂಗ್ ನಡುಗಿತು. ಈ ಮಳೆಗಾಲ ಪೂರ್ತಿ ಏರಿನಲ್ಲಿ ಒಮ್ಮೆಯೂ ಎಗರಿಲ್ಲ.

ಈಗ ಭಾವನ ಡೀಸೆಲ್ ಗಾಡಿಯೂ ಬೆಳಿಗ್ಗೆ ಏಳುವುದಿಲ್ಲವಂತೆ, ‘ನಿನ್ನ ಮೀಟರ್ ತಾ’ ಅಂದರು. ಇಟ್ಟು ನೋಡಿದೆ. ಅರ್ತ್ 0.1, ಸೊಗಸಾಗಿದೆ. ಕ್ರ್ಯಾಂಕ್‌ನಲ್ಲಿ ಬ್ಯಾಟರಿ ಎಂಟಕ್ಕೆ ಬಿತ್ತು. ಅವರದು ನಿಜವಾಗಿಯೂ ಬ್ಯಾಟರಿಯೇ ಹೋಗಿತ್ತು.