ಪ್ಲಸ್ ಹೋದಲ್ಲಿಗೇ ಮೈನಸ್ – ನನ್ನ ಟ್ರ್ಯಾಕಿಂಗ್ ಸಪ್ಲೈ

ನಾಲ್ಕನೇ ಲೋಡ್‌ಸೆಲ್ ಕಾರ್ಡ್ (ತೂಕ ಅಳೆಯೋ ಸೆನ್ಸರ್‌ನ ಸಿಗ್ನಲ್ ಓದೋ ಬೋರ್ಡ್) ನಾನು ಮಾಡಿದ ಟ್ರ್ಯಾಕಿಂಗ್ ಸಪ್ಲೈ ಮೇಲೆ, ಅಂದ್ರೆ ಪ್ಲಸ್ ವೋಲ್ಟೇಜ್ ಎಷ್ಟೋ ಮೈನಸ್ಸೂ ಅಷ್ಟೇ ಹಿಂಬಾಲಿಸೋ ಪವರ್ ಸಪ್ಲೈ ಮೇಲೆ, ಎರಡು ವಾರ ಓಡ್ತು, ಏನೂ ಆಗ್ಲಿಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದೀನಿ. "7812, 7912 ಹಾಕಿ ಮುಗ್ಸು ಗುರು, ಇಷ್ಟೆಲ್ಲ ಯಾಕೆ" ಅಂದೋರೇ ಜಾಸ್ತಿ. ಹಾಗೇ ಪ್ಲಸ್ 12, ಮೈನಸ್ 12 ವೋಲ್ಟ್ ಸ್ಥಿರವಾಗಿ ಕೊಡೋ ಆ ಎರಡು ರೆಗ್ಯುಲೇಟರ್ ಹಾಕಿ ಮೂರು ಕಾರ್ಡ್ ಸುಟ್ಟೋಯ್ತು, ಒಂದೊಂದಕ್ಕೂ ಐದಾರು ಸಾವಿರ ನನ್ನ ಕೈಯಿಂದ್ಲೇ ಕೊಟ್ಟೆ. ಆನ್ ಮಾಡಿದ ತಕ್ಷಣ ಪ್ಲಸ್ ಬರುತ್ತೆ, ಮೈನಸ್ ತಡ, ಅಷ್ಟರಲ್ಲಿ ಕಾರ್ಡಲ್ಲಿರೋ ಸಿಮಾಸ್ ಮಲ್ಟಿಪ್ಲೆಕ್ಸರ್ (ಹಲವು ಸಿಗ್ನಲಲ್ಲಿ ಒಂದನ್ನ ಆರಿಸೋ ಐಸಿ) ಲ್ಯಾಚ್‌ಅಪ್ ಆಗಿ, ಅಂದ್ರೆ ಒಳಗೇ ಶಾರ್ಟ್ ಆದಂಗೆ ಸಿಕ್ಕಾಕ್ಕೊಂಡು, ಬೆರಳಿಡೋಕಾಗಲ್ಲ, ಅಷ್ಟು ಬಿಸಿ.

ಪ್ಲಸ್‌ಗೆ ವೋಲ್ಟೇಜ್ ಬದಲಾಯಿಸ್ಬಹುದಾದ ಎಲ್‌ಎಂ317 ರೆಗ್ಯುಲೇಟರ್ ಹಾಕಿ 12 ವೋಲ್ಟ್‌ಗೆ ಸೆಟ್ ಮಾಡ್ದೆ. ಮೈನಸ್‌ಗೆ ಎಲ್‌ಎಂ337, ಅದರ ವೋಲ್ಟೇಜ್ ತೀರ್ಮಾನಿಸೋ ಅಡ್ಜಸ್ಟ್ ಪಿನ್ ಓಡ್ಸೋದು ಒಂದು 741 ಆಪ್‌ಆಂಪ್ (ಎರಡು ಇನ್‌ಪುಟ್ ಹೋಲಿಸೋ ಐಸಿ). ಎರಡೂ ಔಟ್‌ಪುಟ್ ಮಧ್ಯೆ ಎರಡು 10ಕೆ ರೆಸಿಸ್ಟರ್, ನಡುವಿನ ಪಾಯಿಂಟ್ 741ರ ಇನ್ವರ್ಟಿಂಗ್ ಇನ್‌ಪುಟ್ ಪಿನ್‌ಗೆ, ಇನ್ನೊಂದು ಇನ್‌ಪುಟ್ ಪಿನ್ ಗ್ರೌಂಡ್‌ಗೆ, ಆ ನಡುವಿನ ಪಾಯಿಂಟ್ ಸೊನ್ನೆಯಲ್ಲೇ ಇರೋ ಹಾಗೆ 741 ಮೈನಸ್‌ನ ಎಳೀತಾ ಇರುತ್ತೆ, ಅಷ್ಟೆ.

ಮೊದಲ ದಿನಾನೇ ಎರಡು 741 ಹೋದ್ವು. 15-0-15 ಟ್ರಾನ್ಸ್‌ಫಾರ್ಮರ್, ಲೋಡ್ ಇಲ್ದಾಗ ಹೆಚ್ಚುಕಮ್ಮಿ ±22 ಬರ್ತಿತ್ತು, ಅದನ್ನ ನೇರ ಐಸಿಗೆ ಕೊಟ್ಟಿದ್ದೆ, ಸಾಮಾನ್ಯ 741ಗೆ ±18 ಮೇಲೆ ಹೋಗಂಗಿಲ್ಲ. ಆಮೇಲೆ ಅದರ ಪ್ಲಸ್ ಪಿನ್‌ನ ರೆಗ್ಯುಲೇಟ್ ಆದ 12ಕ್ಕೇ ಕಟ್ಟಿದೆ, ಮೈನಸ್ 22 ಸೇರಿ ಒಟ್ಟು 34 ಆಯ್ತು, ಮಿತಿ 36, ಬದುಕ್ತು. ಇನ್ನೊಂದ್ಸಲ ಮಧ್ಯೆ ಕರೆಂಟ್ ತಡೆಯೋ ಮೈಕಾ ಹಾಳೆ ಇಡದೇ ಎರಡೂ ರೆಗ್ಯುಲೇಟರ್ ಒಂದೇ ಹೀಟ್‌ಸಿಂಕ್‌ಗೆ ಬಿಗಿದುಬಿಟ್ಟೆ, 317ರ ಟ್ಯಾಬ್ (ಬೆನ್ನಿನ ಲೋಹ) ಔಟ್‌ಪುಟ್, 337ರದ್ದು ಇನ್‌ಪುಟ್, ಎರಡೂ ಶಾರ್ಟ್ ಆಗಿ ಢಂ ಅಂತು.

1% ರೆಸಿಸ್ಟರ್‌ನಲ್ಲಿ ಪ್ಲಸ್‌ಗೂ ಮೈನಸ್‌ಗೂ ನೂರು ಮಿಲಿವೋಲ್ಟ್ ಹತ್ರ ವ್ಯತ್ಯಾಸ ಇತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಂದ ನೂರು ಪೀಸ್ ತಂದು ಒಂದು ಸಂಜೆಯೆಲ್ಲ ಮೀಟರ್ ಹಿಡ್ಕೊಂಡು ಜೋಡಿ ಹುಡುಕ್ದೆ, ಈಗ ಹತ್ತು ಮಿಲಿವೋಲ್ಟ್ ಒಳಗೇ ಇದೆ, ಇದನ್ನ ಮಾತ್ರ ಯಾರಿಗೆ ಬೇಕಾದ್ರೂ ತೋರಿಸ್ತೀನಿ. ಮೈನಸ್ ಲೈನ್ ಆಸಿಲೇಟ್ ಆಗ್ತಿತ್ತು, ಅಂದ್ರೆ ವೋಲ್ಟೇಜ್ ತಾನೇ ಮೇಲೆ ಕೆಳಗೆ ಅಲುಗಾಡ್ತಿತ್ತು, 337ರ ಔಟ್‌ಪುಟ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ಮೇಲೆ ಅರ್ಧ ಕಮ್ಮಿ ಆಯ್ತು, ಉಳಿದರ್ಧಕ್ಕೆ ಫೀಡ್‌ಬ್ಯಾಕ್‌ನಲ್ಲೊಂದು ಸಣ್ಣ ಕೆಪಾಸಿಟರ್ ಬೇಕು, ಎಷ್ಟು ಫ್ಯಾರಡ್‌ದು ಅಂತ ಹೇಳಲ್ಲ, ನಿಮ್ಮ ಬೋರ್ಡಿಗೆ ನೀವೇ ಸ್ಕೋಪ್ ಇಟ್ಟು ನೋಡಿ.

ಮಧ್ಯೆ ಕಾರಿನ ಸೆನ್ಸರ್‌ಗೆ ಬರೋ ಟಿಎಲ್‌ಇ4250 ಟ್ರ್ಯಾಕರ್‌ನೂ ಒಂದು ತಂದು ನೋಡ್ದೆ. ಬೋರ್ಡಿನ 5 ವೋಲ್ಟನ್ನೇ ನೋಡ್ಕೊಂಡು ಹೊರಗಿನ ಕೇಬಲ್‌ಗೆ ಅಷ್ಟೇ ಕೊಡುತ್ತೆ. ಬೇಕಂತಲೇ ಕೇಬಲ್ ಗ್ರೌಂಡಿಗೆ ಶಾರ್ಟ್ ಮಾಡ್ದೆ, ಒಳಗಿನ 5 ಅಲುಗ್ಲಿಲ್ಲ, ತುಂಬಾ ಖುಷಿಯಾಯ್ತು, ಆದ್ರೆ 50 ಮಿಲಿಆಂಪ್ ಅಷ್ಟೇ, ನನ್ನ ಲೋಡ್‌ಸೆಲ್ ನಾಲ್ಕಿದ್ರೆ ಸಾಲಲ್ಲ.

ಒಂದು ಕೊರತೆ ಇತ್ತು, ಪ್ಲಸ್ ಬಿದ್ರೆ ಮೈನಸ್ ಬೀಳುತ್ತೆ, ಮೈನಸ್ ಶಾರ್ಟ್ ಆದ್ರೆ ಪ್ಲಸ್ ಹಾಗೇ ನಿಲ್ಲುತ್ತೆ. ಅದಕ್ಕೆ ಎರಡು ಸಣ್ಣ ಟ್ರಾನ್ಸಿಸ್ಟರ್ ಹಾಕಿದೀನಿ, ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ. ಡಬ್ಬ, ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿ ಸಾವಿರದ ಇನ್ನೂರು ಮುನ್ನೂರು ಆಗಿರಬಹುದು.