ಗೇಮ್ ಕನ್ಸೋಲ್‌ಗೆ ಎಚ್‌ಡಿ ಟಿವಿ ಬೇಕೇ ಬೇಕಾ?

ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಯಾವ ಕನ್ಸೋಲ್ ಇದೆ ನೋಡಿ. ನಿಂಟೆಂಡೊ ವೀ ಆದರೆ ಸುಮ್ನೆ ದುಡ್ಡು ಹಾಕಬೇಡಿ. ಅದು ಕೊಡುವುದೇ ಹೆಚ್ಚೆಂದರೆ 480ಪಿ, ಅಂದರೆ 480 ಸಾಲಿನ ಚಿತ್ರ (ಎಚ್‌ಡಿ ಅಂದರೆ 720 ಸಾಲು ಅಥವಾ ಹೆಚ್ಚು), ದೊಡ್ಡ ಪರದೆಗೆ ಹಿಗ್ಗಿಸಿದರೆ ಚಿತ್ರ ಮಸುಕು.

ಪ್ಲೇಸ್ಟೇಷನ್ 3ರಿಂದ ಈಚೆಗೆ ಮಾತು ಬೇರೆ. ಅದರ ಎಷ್ಟೋ ಆಟಗಳಲ್ಲಿ ಅಕ್ಷರ ಬಹಳ ಸಣ್ಣ, ಹಳೆಯ ಡಬ್ಬಾ ಟಿವಿಯಲ್ಲಿ ಓದಲು ಪರದೆಗೆ ಮೂಗು ತಾಗಿಸಬೇಕು! ಆದರೆ ಎಚ್‌ಡಿ ಟಿವಿ ತಂದು ಹಳದಿ-ಕೆಂಪು-ಬಿಳಿ ವೈರನ್ನೇ ಚುಚ್ಚಿದರೆ ಏನೂ ಬದಲಾಗುವುದಿಲ್ಲ, ಯಾಕೆಂದರೆ ಆ ಹಳದಿ ವೈರಿನಲ್ಲಿ ಎಚ್‌ಡಿ ಬರುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ 720ಪಿ ಅಥವಾ 1080ಪಿ ಆರಿಸಿ. ಅಂಚಿನಲ್ಲಿ ಸ್ಕೋರ್ ಕತ್ತರಿಸಿ ಹೋದಂತಿದ್ದರೆ ಟಿವಿಯಲ್ಲಿ ಪಿಕ್ಚರ್ ಸೈಜ್ ಬದಲಿಸಿ.

ಮುಖ್ಯವಾದದ್ದು ಟಿವಿಯ ಸೆಟ್ಟಿಂಗ್ಸ್‌ನಲ್ಲಿರುವ ಗೇಮ್ ಮೋಡ್. ಟಿವಿ ಚಿತ್ರವನ್ನು ಚಂದ ಮಾಡಲು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನೀವು ಬಟನ್ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣುತ್ತದೆ. ಗೇಮ್ ಮೋಡ್ ಹಾಕಿದರೆ ಈ ತಡ ಕಡಿಮೆಯಾಗುತ್ತದೆ. ಅಂಗಡಿಯವರು ತೋರಿಸುವ ಮಿರಮಿರ ಡೆಮೊ ವಿಡಿಯೊ ನೋಡಿ ಮರುಳಾಗಬೇಡಿ, ಈ ಮೋಡ್ ಹಾಕಿಸಿ ನೋಡಿ.

ಪ್ಲೇಸ್ಟೇಷನ್ 5 ಇದ್ದವರಿಗೆ 4ಕೆ (1080ಪಿಗಿಂತ ನಾಲ್ಕು ಪಟ್ಟು ಚುಕ್ಕಿಗಳಿರುವ ಪರದೆ) ಒಳ್ಳೆಯದೇ. 4ಕೆಯಲ್ಲಿ 120 ಹರ್ಟ್ಜ್, ಅಂದರೆ ಸೆಕೆಂಡಿಗೆ 120 ಚಿತ್ರ ಬೇಕಿದ್ದರೆ ಟಿವಿಯಲ್ಲಿ ಎಚ್‌ಡಿಎಂಐ 2.1 ಪೋರ್ಟ್ ಇದೆಯಾ ಕೇಳಿ. ಚಿಕ್ಕ ಕೋಣೆ, 32 ಇಂಚು, ದೂರ ಕೂತು ಆಡುವುದು ಅಂದರೆ 4ಕೆಗೆ ಜಾಸ್ತಿ ಕೊಡುವುದು ದಂಡ.

ಹಾಂ, ನಮ್ಮೂರಿನ ಗುಡುಗು-ಸಿಡಿಲು ಗೊತ್ತಲ್ವಾ? ಮೋಡ ಕಟ್ಟಿದ ಕೂಡಲೇ ಟಿವಿ, ಕನ್ಸೋಲ್ ಎರಡರ ಪ್ಲಗ್ಗೂ ಕಿತ್ತಿಡಿ, ಡಿಶ್ ಕೇಬಲ್ ಸಹ.